ಚರ್ಮದ ಬಿಲ್ಲೆ

2025ರ ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಅಬ್ಬಿಗೆರೆ ಮುಖ್ಯರಸ್ತೆಯ ಪೊಲೀಸ್ ಠಾಣೆಗೆ ನಾಗಲಿಂಗಪ್ಪ ಎಂಬ ಅರವತ್ತಾರು ವರ್ಷದ ವ್ಯಕ್ತಿ ಬಂದು, ತಮ್ಮ ವರ್ಕ್‌ಶಾಪಿನಿಂದ ಹಳೆಯ ಏರ್ ರೈಫಲ್ ಒಂದು ಕಳುವಾಗಿದೆ ಎಂದು ಬರವಣಿಗೆಯಲ್ಲಿ ದೂರು ಕೊಟ್ಟರು. ದೂರು ಅರ್ಧ ಪುಟದಷ್ಟೇ ಇತ್ತು.

ಸಬ್ ಇನ್ಸ್‌ಪೆಕ್ಟರ್ ಚೈತ್ರ ಅದನ್ನು ಎರಡು ಸಲ ಓದಿ ತಲೆ ಎತ್ತಿದರು.

"ಈ ರೈಫಲ್ ನಿಮ್ಮದಾ?"

"ಅಲ್ರೀ ಮೇಡಂ. ಸುಬ್ಬಮ್ಮನೋರದು. ರಿಪೇರಿಗೆ ಕೊಟ್ಟಿದ್ರು. ನಾಕು ತಿಂಗಳು ಕುಂತು ಮುಗಿಸಿದ್ದೆ. ನಾಳೆ ಮುಟ್ಟಿಸಬೇಕಿತ್ತು."

"ಲೈಸೆನ್ಸ್ ಇದೆಯಾ?"

"ಬೇಕಾಗಿಲ್ರೀ. ಸ್ಪ್ರಿಂಗಿನ ಬಲದಾಗ ಗಾಳಿ ದಬ್ಬಿ ಛರ್ರಾ ಗುಂಡು ಹೊಡೆಯೋದದು. ಮದ್ದು ಗಿದ್ದು ಇಲ್ಲ."

"ನಂಬರ್?"

"ಬ್ಯಾರಲ್ ಮ್ಯಾಲಿತ್ರಿ. ನನ್ನ ನೋಟ್‌ಬುಕ್‌ನಾಗ ನಂಬರ್ ಅಷ್ಟ ಬರಕೊಂಡಿದ್ದೆ. ಅದನ್ನೂ ಒಯ್ದಾರ."

"ಫೋಟೋ ತೆಗೆದಿದ್ದೀರಾ?"

ನಾಗಲಿಂಗಪ್ಪ ಅಂಗಿ ಜೇಬಿನಿಂದ ಬಟನ್ ಫೋನ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಕ್ಯಾಮೆರಾ ಇರಲಿಲ್ಲ.

ಚೈತ್ರ ಪೆನ್ನು ಕೆಳಗಿಟ್ಟರು. ಲೈಸೆನ್ಸ್ ಬೇಡದ ವಸ್ತುವಾದ್ದರಿಂದ ಅದು ಸರ್ಕಾರದ ಯಾವ ಕಡತದಲ್ಲೂ ಇಲ್ಲ. ನಂಬರ್ ಇದ್ದ ಒಂದೇ ಪುಸ್ತಕ ಕಳ್ಳನ ಕೈಯಲ್ಲಿದೆ. ನಾಳೆ ಸಿಕ್ಕಿದರೂ ಇದು ಅದೇ ಎಂದು ತೋರಿಸುವುದು ಹೇಗೆ? ಆ ಯೋಚನೆ ಪಕ್ಕಕ್ಕಿಟ್ಟು ಭಾರತೀಯ ನ್ಯಾಯ ಸಂಹಿತೆಯ ಕಲಂ 305 ಮತ್ತು 331ರ ಅಡಿ ಎಫ್‌ಐಆರ್ ದಾಖಲಿಸಿದರು.

ನಾಗಲಿಂಗಪ್ಪ ಗದಗಿನ ಕಡೆಯವರು. ಯಶವಂತಪುರದ ಹತ್ತಿರದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ಫಿಟರ್ ಆಗಿದ್ದು ನಿವೃತ್ತರಾಗಿದ್ದರು. ಅಬ್ಬಿಗೆರೆಯ ಮನೆಯ ಹಿಂದೆ ಶೀಟಿನ ಶೆಡ್ ಹಾಕಿಕೊಂಡು ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಹಳೆಯ ಏರ್‌ಗನ್‌ಗಳನ್ನು ಸರಿಮಾಡಿ ಕೊಡುತ್ತಿದ್ದರು. ಅವರ ಕೈಗೆ ಹೋದ ವಸ್ತು ಕೆಟ್ಟು ವಾಪಸು ಬಂದದ್ದಿಲ್ಲ ಎಂಬ ಹೆಸರಿತ್ತು.

ನಾಲ್ಕೂವರೆಗೆ ಚೈತ್ರ ಹೆಡ್ ಕಾನ್‌ಸ್ಟೆಬಲ್ ಹನುಮಯ್ಯನ ಜೊತೆ ಶೆಡ್ಡಿಗೆ ಹೋದರು. ಬೀದಿಯ ಇಬ್ಬರನ್ನು ಪಂಚರಾಗಿ ಕರೆದು ಸ್ಥಳ ಪಂಚನಾಮೆ ಶುರು ಮಾಡಿದರು. ಹನುಮಯ್ಯ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ಹೋದ.

ಬಾಗಿಲ ಬೀಗ ಹಾಕಿದಂತೆಯೇ ಇತ್ತು. ಹಿಂದಿನ ಕಿಟಕಿಗೆ ಹೊರಗಿನಿಂದ ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದ್ದ ಜಾಲರಿ ಚೌಕಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿಡಲಾಗಿತ್ತು. ನಾಲ್ಕೂ ಸ್ಕ್ರೂಗಳು ಕಿಟಕಿಯ ಕಟ್ಟೆಯ ಮೇಲೆ ಒಂದರ ಪಕ್ಕ ಒಂದು, ತಲೆ ಒಂದೇ ಕಡೆಗೆ ಮಾಡಿ ಇಟ್ಟಿದ್ದವು. ಒಳಗೆ ಸಣ್ಣ ಲೇತ್, ಮೈಕ್ರೋಮೀಟರ್‌ಗಳು, ರಿಪೇರಿಗೆ ಬಂದ ಎರಡು ಜೇಬು ಗಡಿಯಾರ ಎಲ್ಲವೂ ಇದ್ದವು. ಹೋಗಿದ್ದು ರೈಫಲ್ ಮತ್ತು ನೋಟ್‌ಬುಕ್ ಮಾತ್ರ.

ಚೈತ್ರ ಒಂದು ಸ್ಕ್ರೂವನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಅದರ ತಲೆಯ ಗೀರು ಸ್ವಲ್ಪವೂ ಕಿತ್ತಿರಲಿಲ್ಲ.

"ಕಳ್ಳ ಆರಾಮಾಗಿ ಬಿಚ್ಚವ್ನೆ ಮೇಡಂ, ಅರ್ಜೆಂಟೇ ಇರ್ಲಿಲ್ಲ ಅನ್ಸತ್ತೆ," ಎಂದ ಹನುಮಯ್ಯ.

"ಹಗಲು ಹೊತ್ತು ಹನುಮಯ್ಯ, ಅರ್ಜೆಂಟ್ ಇದ್ದೇ ಇರತ್ತೆ. ಆದ್ರೂ ಸ್ಕ್ರೂ ಕೆಡಿಸೋಕೆ ಕೈ ಬಂದಿಲ್ಲ. ಸರಿಯಾದ ಅಳತೆ ಸ್ಕ್ರೂಡ್ರೈವರ್ ತಂದಿದ್ದಾನೆ. ಕೈಕೆಲಸ ಗೊತ್ತಿರೋನು."

ಠಾಣೆಗೆ ಮರಳಿದಾಗ ರೈಫಲಿನ ಒಡತಿ ಸುಬ್ಬಮ್ಮ ಮಗನೊಂದಿಗೆ ಬಂದು ಕೂತಿದ್ದರು. ಎಪ್ಪತ್ತನಾಲ್ಕು ವರ್ಷದ ಆಕೆ ಅಬ್ಬಿಗೆರೆಯ ಹಳೆಯ ಒಕ್ಕಲು ಮನೆತನದವರು. ಮಗ ನಾಗಭೂಷಣ ಅದೇ ನೆಲದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವ ಬಿಲ್ಡರ್.

"ಮೇಡಂ, ಕಳ್ತನ ಗಿಳ್ತನ ಏನಿಲ್ಲ," ಎಂದು ನಾಗಭೂಷಣ ನಿಂತೇ ಮಾತು ತೆಗೆದ. "ಆಂಟಿಕ್ ಪೀಸ್ ಅದು. ಈ ಮನುಷ್ಯನೇ ಯಾರಿಗೋ ಕೊಟ್ಬಿಟ್ಟು ನಾಟಕ ಆಡ್ತಿದಾನೆ. ಅವನ ಮೇಲೇ ಕೇಸ್ ಹಾಕಿ."

ನಾಗಲಿಂಗಪ್ಪ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದರು.

"ಸುಮ್ಕಿರ್ಲಾ," ಎಂದರು ಸುಬ್ಬಮ್ಮ. "ನಮ್ಮಪ್ಪ ಜಾಲಳ್ಳಿ ಕಡೆ ಒಬ್ಬ ಆಫೀಸರ್ ಊರ್ಗೆ ಓಗುವಾಗ ಅವ್ನತ್ರ ತಕಂಡಿದ್ದು ಅದು. ನಾನು ಅನ್ನೆರಡು ವರ್ಸದ ಉಡ್ಗಿ. ದ್ರಾಕ್ಸಿ ತೋಟದ ಗಿಣಿ ಓಡ್ಸೋ ಕೆಲ್ಸ ನಂದೇ. ಆಮೇಕೆ ಅಟ್ಟದ ಮ್ಯಾಲೆ ತುಕ್ಕಿಡ್ದು ಬಿದ್ದಿತ್ತು, ನೀನ್ ಒಂದಿನ ತಿರುಗಿ ನೋಡಿದ್ಯಾ? ಈವಯ್ಯ ಅದಕ್ಕೆ ಉಸ್ರು ತಂದವ್ರೆ. ಇಂಥೋರು ಕದೀತಾರಾ?"

ನಾಗಭೂಷಣ ತಾಯಿಗೆ ಎದುರಾಡಲಿಲ್ಲ. ಆದರೆ ಹೊರಗೆ ಹೋಗಿ ನಾಲ್ಕು ಜನರ ಮುಂದೆ ಅದೇ ಮಾತನ್ನು ಆಡಿದ. ಎರಡು ದಿನದಲ್ಲಿ ಮೂವರು ಗಿರಾಕಿಗಳು ನಾಗಲಿಂಗಪ್ಪನವರ ಶೆಡ್ಡಿಗೆ ಬಂದು, ಅರ್ಧ ಬಿಚ್ಚಿದ್ದ ಹೊಲಿಗೆ ಯಂತ್ರಗಳನ್ನು ಹಾಗೇ ಹೊತ್ತುಕೊಂಡು ಹೋದರು. ನಾಲ್ಕನೆಯ ದಿನ ನಾಗಲಿಂಗಪ್ಪ ಶೆಡ್ಡಿನ ಬಾಗಿಲು ತೆಗೆಯಲೇ ಇಲ್ಲ.

ತನಿಖೆ ನಡೆಯುತ್ತಿತ್ತು. ಎದುರಿನ ದಿನಸಿ ಅಂಗಡಿಯ ಸಿಸಿಟಿವಿಯಲ್ಲಿ 11ರಂದು ಮಧ್ಯಾಹ್ನ 12.20ಕ್ಕೆ ಸ್ಕೂಟರಿನಲ್ಲಿ ಒಬ್ಬ ಬಂದದ್ದು, 12.55ಕ್ಕೆ ವಾಪಸು ಹೋದದ್ದು ಕಂಡಿತು. ಹೆಲ್ಮೆಟ್ ಹಾಕಿದ್ದ. ಹೆಗಲಿಗೆ ಉದ್ದನೆಯ ಕ್ರಿಕೆಟ್ ಕಿಟ್ ಬ್ಯಾಗ್. ನಂಬರ್ ಪ್ಲೇಟ್ ಮೇಲೆ ಬಿಸಿಲು ಬಿದ್ದು ಒಂದಂಕಿಯೂ ಓದಲಾಗಲಿಲ್ಲ. ಆ ಹೊತ್ತಿನಲ್ಲಿ ನಾಗಲಿಂಗಪ್ಪ ರೈಫಲಿನ ಮರದ ಹಿಡಿಗೆ ಕೊನೆಯ ಬಾರಿ ಎಣ್ಣೆ ಕೊಡಲೆಂದು ಅಗಸೆ ಎಣ್ಣೆ ತರಲು ಯಶವಂತಪುರದ ಮಾರುಕಟ್ಟೆಗೆ ಹೋಗಿದ್ದರು. ಎಣ್ಣೆ ಅಂಗಡಿಯವನು ಅದನ್ನು ದೃಢಪಡಿಸಿದ. ಹನುಮಯ್ಯ ಗುಜರಿಗಳು, ಹಳೆ ಸಾಮಾನಿನ ಅಂಗಡಿಗಳು, ಏರ್‌ಗನ್ ಮಾರುವವರು ಎಂದು ಒಂದು ವಾರ ಸುತ್ತಿದ. ಯಾರ ಬಳಿಗೂ ಯಾರೂ ಮಾರಲು ಬಂದಿರಲಿಲ್ಲ.

18ನೇ ತಾರೀಖು ಚೈತ್ರ ನಾಗಲಿಂಗಪ್ಪನವರ ಮನೆಗೇ ಹೋದರು.

"ಈ ಕೆಲಸ ಶುರು ಆದಮೇಲೆ ರೈಫಲ್ ನೋಡಿದೋರು ಯಾರ್ಯಾರು?"

"ಸುಬ್ಬಮ್ಮನೋರು. ಚರ್ಮ ಹದ ಮಾಡಿಕೊಟ್ಟ ಚಪ್ಪಲಿ ಹೊಲಿಯೋ ಹಿರಿಯ, ಅಂವಗ ಕಣ್ಣು ಸರಿ ಕಾಣಂಗಿಲ್ಲ."

"ಇನ್ಯಾರಾದ್ರೂ?"

ನಾಗಲಿಂಗಪ್ಪ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಶಿವಪ್ರಕಾಶ ಬಂದಿದ್ದ ಸಂಕ್ರಾಂತಿ ಮುಗಿದಮ್ಯಾಲೆ. ಕಾರ್ಖಾನೆದಾಗ ಹದಿನಾಲ್ಕು ವರ್ಷ ಒಂದ ಬೆಂಚಿನಾಗ ನನ್ನ ಪಕ್ಕಕ್ಕ ನಿಂತು ಕೆಲಸ ಮಾಡಿದಾಂವ. ಈಗ ಆರ್.ಟಿ. ನಗರದಾಗ ಹಿತ್ತಾಳಿ, ಕಬ್ಬಿಣ ಪಾಲಿಶ್ ಮಾಡೋ ಅಂಗಡಿ ಇಟ್ಟಾನ. ಅಂವ ಕಳ್ಳ ಅಲ್ರೀ ಮೇಡಂ. ಅವನ ಹೆಸರು ಬರೀಬ್ಯಾಡ್ರಿ."

"ಬಂದು ಏನು ಮಾಡಿದ್ರು?"

"ಅದನ್ನ ತೊಡಿ ಮ್ಯಾಲಿಟ್ಕೊಂಡು ಒಂದು ತಾಸು ಕುಂತಿದ್ದ. ಹಂಗ ಎದ್ದು ಹೋದ."

ಚೈತ್ರ ಹೆಸರು ಬರೆದುಕೊಂಡರು.

ಮೂರು ದಿನದ ಮೇಲೆ ಹನುಮಯ್ಯ ಮೊಬೈಲು ಹಿಡಿದುಕೊಂಡು ಚೈತ್ರರ ಮೇಜಿನ ಬಳಿ ಬಂದ. ಹೆಬ್ಬಾಳದ ಸಭಾಂಗಣವೊಂದರಲ್ಲಿ ಶನಿವಾರ, ಭಾನುವಾರ ಹಳೆಯ ಗಡಿಯಾರ, ಕ್ಯಾಮೆರಾ, ಏರ್‌ಗನ್‌ಗಳ ಪ್ರದರ್ಶನ. ಅತ್ಯುತ್ತಮವಾಗಿ ಹೊಸದು ಮಾಡಿದ ವಸ್ತುವಿಗೆ ಬಹುಮಾನ. ಸಂಘಟಕರು ಹಂಚಿದ ಫೋಟೋಗಳಲ್ಲಿ ಒಂದು ರೈಫಲ್ ಇತ್ತು. ಅದರ ಕೆಳಗೆ ಬರೆದಿದ್ದ ಹೆಸರು: ಶಿವಪ್ರಕಾಶ, ಆರ್.ಟಿ. ನಗರ.

"ಮಾರೋಕೆ ಕದ್ದಿಲ್ಲ ಮೇಡಂ ಇವ್ನು," ಎಂದ ಹನುಮಯ್ಯ. "ತೋರಿಸ್ಕೊಳೋಕೆ ಕದ್ದವ್ನೆ."

22ರ ಶನಿವಾರ ಹನ್ನೊಂದು ಗಂಟೆಗೆ ಇಬ್ಬರೂ ಮಫ್ತಿಯಲ್ಲಿ, ನಾಗಲಿಂಗಪ್ಪನವರನ್ನು ಕರೆದುಕೊಂಡು ಸಭಾಂಗಣ ಹೊಕ್ಕರು. ಮಧ್ಯದ ಗಾಜಿನ ಪೆಟ್ಟಿಗೆಯ ಸುತ್ತ ಹದಿನೈದಿಪ್ಪತ್ತು ಜನ. ಒಳಗೆ ಮಲಗಿದ್ದ ರೈಫಲಿನ ಲೋಹದ ಮೈ ಕಪ್ಪುನೀಲಿ, ಎಲ್ಲೂ ಹೊಳಪು ಹೆಚ್ಚಲ್ಲ, ಎಲ್ಲೂ ಕಡಿಮೆಯಲ್ಲ. ಅಂಚುಗಳು ಕಾರ್ಖಾನೆಯಿಂದ ಇಂದೇ ಬಂದಷ್ಟು ಚೂಪು. ಮರದ ಹಿಡಿಗೆ ಮಾತ್ರ ಹೊಸದಾಗಿ ಹಚ್ಚಿದ ಕೆಂಪು ಬಣ್ಣ. ಪೆಟ್ಟಿಗೆಯ ಮೇಲೆ ಮೊದಲ ಬಹುಮಾನದ ನೀಲಿ ರಿಬ್ಬನ್. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಐವತ್ತು ದಾಟಿದ ಶಿವಪ್ರಕಾಶ ಕೇಳಿದವರಿಗೆಲ್ಲ ಉತ್ತರ ಹೇಳುತ್ತಿದ್ದ.

ನಾಗಲಿಂಗಪ್ಪ ಗಾಜಿಗೆ ಮುಖ ತಾಗುವಷ್ಟು ಬಾಗಿದರು. ಬ್ಯಾರಲಿನ ಬುಡದಲ್ಲಿ ನಂಬರ್ ಇರಬೇಕಾದ ಕಡೆ ಸಣ್ಣದೊಂದು ತಗ್ಗು. ಅಲ್ಲಿ ಕಪ್ಪು ಬೇರೆಯ ಕಪ್ಪು.

"ಉಜ್ಜಿ ಹಾಕ್ಯಾನ," ಎಂದರು. "ಏಳು ಸಲ ತುಕ್ಕು ಹಿಡಿಸಿ, ಏಳು ಸಲ ಕುದಿಸಿ, ತಿಕ್ಕಿ ತಂದ ಬಣ್ಣ ಮೇಡಂ ಅದು. ಮಷೀನ್ ಹಚ್ಚಿಬಿಟ್ಟಾನ ಅದಕ್ಕ."

ಶಿವಪ್ರಕಾಶ ತಿರುಗಿ ನೋಡಿದ. ನಾಗಲಿಂಗಪ್ಪನವರನ್ನು ಕಂಡು ಮುಖ ಬಿಳಿಚಿತು. ಆದರೆ ಮಾತಿಗೆ ತಡವರಿಸಲಿಲ್ಲ.

ಚೈತ್ರ ಗುರುತಿನ ಚೀಟಿ ತೋರಿಸಿದರು. "ಇದು ಯಾರದು?"

"ನಂದು. ಸಿಕಂದರಾಬಾದ್ ಗುಜರಿಯಲ್ಲಿ ಸಿಕ್ತು. ಹನ್ನೊಂದು ತಿಂಗಳು ಕೆಲಸ ಮಾಡಿದ್ದೀನಿ."

"ಬಿಲ್?"

"ಗುಜರಿಯಲ್ಲಿ ಯಾರು ಬಿಲ್ ಕೊಡ್ತಾರೆ ಮೇಡಂ?"

"ನಂಬರ್ ಎಲ್ಲಿ?"

"ಬರುವಾಗಲೇ ಇರಲಿಲ್ಲ. ನಾಗಲಿಂಗಣ್ಣಂದು ಕಳೆದುಹೋಯ್ತು ಅಂತ ಕೇಳಿದೆ, ಪಾಪ. ಒಂದೇ ಥರದವು ಊರಲ್ಲಿ ಹತ್ತಿರ್ತವೆ."

ನಾಗಲಿಂಗಪ್ಪನವರ ಕಣ್ಣು ಗುರುತು ಹಿಡಿದಿತ್ತು, ನ್ಯಾಯಾಲಯಕ್ಕೆ ಅಷ್ಟು ಸಾಲದು. ಆದರೂ ಚೈತ್ರ ಪ್ರದರ್ಶನದ ಸಂಘಟಕ ರವಿಕಿರಣನನ್ನು ಕರೆಸಿ, ಅವನ ಎದುರಿನಲ್ಲೇ ರೈಫಲನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ಜಪ್ತಿ ಪಂಚನಾಮೆ ಬರೆದರು.

"ನಿಮ್ಮದೇ ಆಗಿದ್ರೆ ವಾಪಸ್ ಬರತ್ತೆ," ಎಂದು ಶಿವಪ್ರಕಾಶನಿಗೆ ಹೇಳಿ, ಸೋಮವಾರ ಠಾಣೆಗೆ ಬರುವಂತೆ ನೋಟಿಸ್ ಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ನಾಗಲಿಂಗಪ್ಪ ಕೂತರು. ಚೈತ್ರ ಪಕ್ಕದಲ್ಲೇ ಕೂತು ನೀರಿನ ಬಾಟಲಿ ಕೊಟ್ಟರು.

"ಒಂದು ಕೇಳ್ತೀನಿ. ಅದರ ಒಳಗೆ ಏನಿದೆ ಅಂತ ಹೊರಗಿನಿಂದ ನೋಡಿದವರಿಗೆ ಗೊತ್ತಾಗತ್ತಾ?"

"ಬಿಚ್ಚದ ಹೊರತು ಗೊತ್ತಾಗಂಗಿಲ್ರಿ."

"ಮಾಡಿದವರಿಗೆ?"

ನಾಗಲಿಂಗಪ್ಪ ನೀರು ಕುಡಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು. "ಕಣ್ಣು ಮುಚ್ಚಿದ್ರೂ ಗೊತ್ತಿರ್ತದ."

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಶೆಡ್ಡಿನ ಬಾಗಿಲು ಒಂಬತ್ತು ದಿನಗಳ ಮೇಲೆ ತೆರೆಯಿತು. ರೈಫಲಿನ ಒಳಗೆ ತಾವು ಹಾಕಿದ್ದೆಲ್ಲವನ್ನೂ ನಾಗಲಿಂಗಪ್ಪ ತಮ್ಮ ಕೈಬರಹದಲ್ಲೇ ಬರೆದರು. ಎರಡು ಪುಟವಾಯಿತು. ಚೈತ್ರ ಅದನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿದರು. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ್ದ ದಪ್ಪ ಚರ್ಮದ ಪಟ್ಟಿಯೊಂದು ಅವರ ಕಣ್ಣಿಗೆ ಬಿತ್ತು. ಅದರ ಮಧ್ಯದಲ್ಲಿ ದುಂಡಗೆ ಕತ್ತರಿಸಿದ ತೂತು.

"ಇದೇನಿದು?"

"ಸುಬ್ಬಮ್ಮನೋರ ಮನೀದ್ರಿ. ಅವರ ಎತ್ತಿನ ಗಾಡಿ ಕಾಲದ ಪಟ್ಟಿ. ಹೊಸ ಚರ್ಮ ಇಷ್ಟು ಗಟ್ಟಿ ಬರಂಗಿಲ್ಲ. ಒಳಗ ಹಾಕಿದ ಒಂದು ಬಿಲ್ಲೆ ಇದರಾಗಿಂದನ ಕತ್ತರಿಸಿದ್ದು."

ಚೈತ್ರ ಪಟ್ಟಿಯನ್ನು ಬಿಸಿಲಿಗೆ ಹಿಡಿದರು. ಅದರ ಮೇಲೆ ಹಳೆಯ ಗೀರೊಂದು ಓರೆಯಾಗಿ ಹಾದು, ತೂತಿನ ಒಂದು ಅಂಚಿನಲ್ಲಿ ಮುರಿದು, ಎದುರಿನ ಅಂಚಿನಿಂದ ಮತ್ತೆ ಮುಂದುವರಿದಿತ್ತು.

"ಹನುಮಯ್ಯ," ಎಂದರು, "ಪಂಚರನ್ನ ಕರೀರಿ. ಇದೂ ಜಪ್ತಿ."

24ರ ಸೋಮವಾರ ಮಧ್ಯಾಹ್ನ ಮೂರು ಗಂಟೆ. ಠಾಣೆಯ ಮಹಡಿಯ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ಪೊಲೀಸ್ ಬಂದೂಕುಗಳನ್ನು ರಿಪೇರಿ ಮಾಡುವ ಸಶಸ್ತ್ರ ಪಡೆಯ ಆರ್ಮರರ್ ಜಗನ್ ತನ್ನ ಉಪಕರಣಗಳೊಂದಿಗೆ ಬಂದಿದ್ದ. ಪಂಚರಲ್ಲಿ ಒಬ್ಬ ರವಿಕಿರಣ, ಇನ್ನೊಬ್ಬರು ಪಕ್ಕದ ಕಾಲೇಜಿನ ಉಪನ್ಯಾಸಕರು. ಸುಬ್ಬಮ್ಮ, ನಾಗಭೂಷಣ ಗೋಡೆಯ ಪಕ್ಕದ ಕುರ್ಚಿಗಳಲ್ಲಿದ್ದರು. ನಾಗಲಿಂಗಪ್ಪ ನಿಂತೇ ಇದ್ದರು.

ಚೈತ್ರ ಶಿವಪ್ರಕಾಶನ ಮುಂದೆ ಬಿಳಿ ಹಾಳೆ ಇಟ್ಟರು.

"ಹನ್ನೊಂದು ತಿಂಗಳು ಕೆಲಸ ಮಾಡಿದೆ ಅಂದ್ರಿ. ಒಳಗೆ ಏನೇನಿದೆ, ಬರೀರಿ."

"ಅದೆಲ್ಲ ಈಗ ನೆನಪಿರತ್ತಾ ಮೇಡಂ?"

"ನೆನಪಿದ್ದಷ್ಟು."

ಅವನು ಪೆನ್ನು ಹಿಡಿದು ಬಹಳ ಹೊತ್ತು ಕೂತ. ಕೊನೆಗೆ ಮೂರು ಸಾಲು ಬರೆದ: ಹೊಸ ಸ್ಪ್ರಿಂಗ್. ನೈಲಾನ್ ವಾಷರ್. ಸ್ಪ್ರಿಂಗ್ ನಿಲ್ಲಿಸುವ ನಡುವಿನ ಕಂಬಿ ಉಕ್ಕಿನದು.

ಹನುಮಯ್ಯ ವಿಡಿಯೊ ಶುರು ಮಾಡಿದ. ಮುದ್ರೆ ಒಡೆದು ರೈಫಲನ್ನು ಹೊರತೆಗೆದರು. ಜಗನ್ ಮರದ ಹಿಡಿ ಬೇರ್ಪಡಿಸಿ, ಉದ್ದನೆಯ ಕ್ಲಾಂಪಿನಲ್ಲಿ ಲೋಹದ ಕೊಳವೆಯನ್ನು ಬಿಗಿದ. ಒಳಗಿನ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಏಕಾಏಕಿ ಬಿಟ್ಟರೆ ಮುಖಕ್ಕೆ ಹಾರುತ್ತದೆ ಎಂದು ಹೇಳಿ ಎಲ್ಲರನ್ನೂ ಒಂದು ಹೆಜ್ಜೆ ಹಿಂದೆ ಸರಿಸಿದ. ಹಿಡಿಕೆಯನ್ನು ಸುತ್ತು ಸುತ್ತಾಗಿ ಸಡಿಲಿಸಿದ. ಸ್ಪ್ರಿಂಗ್ ಸದ್ದಿಲ್ಲದೆ ಉದ್ದವಾಗುತ್ತ ಹೊರಬಂತು.

ಚೈತ್ರ ನಾಗಲಿಂಗಪ್ಪನವರ ಲಕೋಟೆ ಒಡೆದು ಗಟ್ಟಿಯಾಗಿ ಓದತೊಡಗಿದರು.

"'ಸ್ಪ್ರಿಂಗ್ ಹಳೆಯದೇ. ತುದಿಯ ಒಂದೂವರೆ ಸುತ್ತು ಮುರಿದಿದ್ದರಿಂದ ಅಷ್ಟನ್ನು ಕತ್ತರಿಸಿ, ತುದಿ ಕಾಯಿಸಿ ಮಟ್ಟಸ ಮಾಡಿದ್ದೇನೆ.'"

ಜಗನ್ ಸ್ಪ್ರಿಂಗಿನ ಎರಡೂ ತುದಿ ನೋಡಿದ. "ಒಂದು ಕಡೆ ಕಾಯಿಸಿದ ಬಣ್ಣ ಇದೆ ಮೇಡಂ. ಕೈಯಲ್ಲಿ ಮಟ್ಟಸ ಮಾಡಿರೋದು. ಸ್ಪ್ರಿಂಗ್ ಹಳೇದೇ."

"'ನಡುವಿನ ಕಂಬಿ ಹಿತ್ತಾಳೆಯದು. ನನ್ನ ಲೇತಿನಲ್ಲಿ ಮಾಡಿದ್ದು.'"

ಜಗನ್ ಕಂಬಿಯನ್ನು ಎಳೆದು ಬಟ್ಟೆಯಿಂದ ಗ್ರೀಸ್ ಒರೆಸಿದ. ಅದು ಹಳದಿಯಾಗಿ ಹೊಳೆಯಿತು. ರವಿಕಿರಣ ಮುಂದಕ್ಕೆ ಬಾಗಿದ. ಶಿವಪ್ರಕಾಶ ಮೇಜಿನ ಅಂಚು ಹಿಡಿದುಕೊಂಡ.

"'ಪಿಸ್ಟನ್ ಮುಂದೆ ಚರ್ಮದ ವಾಷರ್, ಬಟ್ಟಲಿನ ಆಕಾರದ್ದು. ಅದರ ಹಿಂದೆ ಚಪ್ಪಟೆ ಚರ್ಮದ ಬಿಲ್ಲೆ. ಸುಬ್ಬಮ್ಮನವರು ಕೊಟ್ಟ ಗಾಡಿ ಪಟ್ಟಿಯಿಂದ ಕತ್ತರಿಸಿದ್ದು. ಅದರ ಮೇಲೆ ಓರೆ ಗೀರು ಇದೆ.'"

ಪಿಸ್ಟನ್ ಹೊರಬಂತು. ನೈಲಾನ್ ಇರಲಿಲ್ಲ. ಜಗನ್ ತುದಿಯ ಸ್ಕ್ರೂ ಬಿಚ್ಚಿ ಚರ್ಮದ ವಾಷರನ್ನು ಪಕ್ಕಕ್ಕಿಟ್ಟು, ಅದರ ಹಿಂದಿನ ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿದ. ಚೈತ್ರ ಎರಡನೆಯ ಮುದ್ರೆ ಒಡೆದು ಚರ್ಮದ ಪಟ್ಟಿಯನ್ನು ಬಿಳಿ ಬಟ್ಟೆಯ ಮೇಲೆ ಹಾಸಿದರು. ಜಗನ್ ಬಿಲ್ಲೆಯನ್ನು ತೂತಿನೊಳಗೆ ಇಳಿಸಿ, ಬೆರಳ ತುದಿಯಿಂದ ನಿಧಾನ ತಿರುಗಿಸಿದ. ಕಾಲು ಸುತ್ತು. ಇನ್ನೊಂದಿಷ್ಟು. ಗೀರಿನ ಎರಡು ತುಂಡಿಗೆ ಮೂರನೆಯದು ಸೇರಿ, ಪಟ್ಟಿಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಗೆರೆಯಾಯಿತು.

ಹನುಮಯ್ಯ ವಿಡಿಯೊ ನಡೆಯುತ್ತಿರುವುದನ್ನೂ ಮರೆತು, "ಬಂತಲ್ಲ ಮೇಡಂ!" ಎಂದು ಕೂಗಿಬಿಟ್ಟ. ಆ ಕೂಗು ಇವತ್ತಿಗೂ ಪ್ರಕರಣದ ಸಾಕ್ಷ್ಯದಲ್ಲಿದೆ.

ಸುಬ್ಬಮ್ಮ ಎದ್ದು ಮೇಜಿನ ಬಳಿ ಬಂದರು. ಗೆರೆಯ ಮೇಲೆ ಕೈ ಆಡಿಸಲು ಹೋದವರನ್ನು ಚೈತ್ರ ಮೆಲ್ಲಗೆ ತಡೆದರು. ಸುಬ್ಬಮ್ಮ ಮಗನ ಕಡೆ ತಿರುಗಿದರು.

"ನೋಡ್ದೇನ್ಲಾ? ಬೀದೀಲಿ ನಿಂತು ಅಂದ್ಯಲ್ಲ, ಈಗ ಇಲ್ಲಿ ನಿಂತು ಮಾತಾಡು."

ನಾಗಭೂಷಣ ಎದ್ದು ಬಂದು ನಾಗಲಿಂಗಪ್ಪನವರ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ಯಜಮಾನ್ರೇ. ಯಾರ್ಯಾರ ಮುಂದೆ ಅಂದಿದ್ನೋ ಅವರ ಮುಂದೆಲ್ಲ ನಾನೇ ಹೋಗಿ ಹೇಳ್ತೀನಿ."

ಅವನು ಮಾತಿನಂತೆ ನಡೆದುಕೊಂಡ. ಆ ವಾರ ಮುಗಿಯುವುದರೊಳಗೆ ಮೂರೂ ಹೊಲಿಗೆ ಯಂತ್ರಗಳು ನಾಗಲಿಂಗಪ್ಪನವರ ಶೆಡ್ಡಿಗೆ ಮರಳಿದವು, ಜೊತೆಗೆ ಹೊಸದಾಗಿ ಆರು ಗಿರಾಕಿಗಳೂ ಬಂದರು.

ಪಂಚನಾಮೆಗೆ ಸಹಿ ಹಾಕಿದ ರವಿಕಿರಣ ಪೆನ್ನು ಮುಚ್ಚಿ ಹೇಳಿದ: "ಮೇಡಂ, ಸಂಘದ ಪರವಾಗಿ ಇಲ್ಲೇ ಹೇಳ್ತಿದೀನಿ. ಮೊದಲ ಬಹುಮಾನ ನಾಗಲಿಂಗಪ್ಪ ಸರ್ ಅವರದು. ತೀರ್ಪುಗಾರರು ಮೂವರೂ ಒಂದೇ ಮಾತು ಬರೆದಿದ್ರು, ಇಂಥ ಕೆಲಸ ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ಅಂತ."

ನಾಗಲಿಂಗಪ್ಪ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಅವರ ಮುಖದಲ್ಲಿ ಹದಿಮೂರು ದಿನಗಳಲ್ಲಿ ಮೊದಲ ಬಾರಿ ನಗು ಬಂತು. ಆಮೇಲೆ ತಡೆಯಲಾಗದೆ ದೊಡ್ಡದಾಗಿಯೇ ನಕ್ಕರು. ಸುಬ್ಬಮ್ಮನೂ ನಕ್ಕರು.

ಸಂಜೆ 5.20ಕ್ಕೆ ಶಿವಪ್ರಕಾಶನನ್ನು ಬಂಧಿಸಲಾಯಿತು. ಅವನು ತೋರಿಸಿದ ಮೇರೆಗೆ ಆರ್.ಟಿ. ನಗರದ ಅಂಗಡಿಯಿಂದ ಕ್ರಿಕೆಟ್ ಕಿಟ್ ಬ್ಯಾಗ್, ನೋಟ್‌ಬುಕ್ ಮತ್ತು ಸ್ಕೂಟರನ್ನು ವಶಪಡಿಸಿಕೊಂಡರು. ಠಾಣೆಗೆ ಮರಳಿದ ಮೇಲೆ ಚೈತ್ರ ಎದುರಿಗೆ ಕೂತು ಕೇಳಿದರು.

"ಪ್ರದರ್ಶನದಲ್ಲಿ ಇಬ್ಬರು ಅದನ್ನ ಕೊಂಡ್ಕೊಳೋಕೆ ಬಂದಿದ್ರಂತೆ. ನೀವು ಒಪ್ಪಲಿಲ್ಲ."

"ಮಾರೋಕೆ ಅಲ್ಲ ಮೇಡಂ."

"ಮತ್ತೆ?"

"ಹದಿನಾಲ್ಕು ವರ್ಷ ನಾವಿಬ್ರೂ ಒಂದೇ ಬೆಂಚು. ಫೋರ್‌ಮನ್ ಬಂದಾಗೆಲ್ಲ ನಾಗಲಿಂಗಣ್ಣನ ಪೀಸ್ ಎತ್ತಿ ಬೆಳಕಿಗೆ ಹಿಡೀತಿದ್ರು. ನಂದು ಎತ್ತಿ, ಸರಿ ಅಂತ ಕೆಳಗಿಡ್ತಿದ್ರು. ನಂದೂ ಅಳತೆಗೆ ಸರಿಯಾಗೇ ಇರ್ತಿತ್ತು."

"ಟೂಲ್‌ರೂಮಿನಲ್ಲಿ ಕೆಲಸ ಮಾಡಿದೋರು. ಅದನ್ನ ಒಂದು ಸಲ ಬಿಚ್ಚಿ ನೋಡಿದ್ರೆ ಇವತ್ತು ನಿಮ್ಮ ಹಾಳೆಯಲ್ಲೂ ಸರಿ ಉತ್ತರ ಇರ್ತಿತ್ತು. ಹನ್ನೊಂದು ದಿನ ನಿಮ್ಮ ಹತ್ತಿರಾನೇ ಇತ್ತಲ್ಲ?"

ಶಿವಪ್ರಕಾಶ ತಲೆಯಾಡಿಸಿದ.

"ಎರಡು ಸಲ ಸ್ಕ್ರೂಡ್ರೈವರ್ ಹಿಡಿದೆ ಮೇಡಂ. ನಂಬರ್ ಉಜ್ಜೋವಾಗಲೇ ಕೈ ಜಾರಿ ತಗ್ಗು ಬಿತ್ತು. ಒಳಗಿಂದನ್ನೂ ಕೆಡಿಸೋಕೆ ಮನಸ್ಸು ಬರಲಿಲ್ಲ."

ಚೈತ್ರ ಹೇಳಿಕೆಯಲ್ಲಿ ಅದನ್ನು ಅವನ ಮಾತಿನಲ್ಲೇ ಬರೆದರು. ಅವನು ಓದಿ, ಒಂದು ಅಕ್ಷರವನ್ನೂ ತಿದ್ದಿಸದೆ ಸಹಿ ಹಾಕಿದ. ಹನುಮಯ್ಯ ಅವನನ್ನು ಎಬ್ಬಿಸಿಕೊಂಡು ಹೊರಟಾಗ ಬಾಗಿಲಲ್ಲಿ ನಿಂತು ತಿರುಗಿದ.

"ಆ ಶನಿವಾರ ಜನ ರೈಫಲ್ ನೋಡಿ ಆಮೇಲೆ ನನ್ನ ಕೈ ನೋಡ್ತಿದ್ರು ಮೇಡಂ," ಎಂದ. "ಅಲ್ಲೀವರೆಗೂ ಯಾರೂ ನೋಡಿರಲಿಲ್ಲ."